ಚಹಾದ ಸೀಮೆಯಲ್ಲಿ ಕಾಫಿ: ಮನೆಗೆ ಯಾವ ಸಾಧನ ಹೊಂದುತ್ತದೆ?

ವಿಜಯಪುರದಲ್ಲಿ ಮನೆಗೆ ಬಂದವರಿಗೆ ‘ಚಹಾ ಕುಡದ ಹೋಗ್ರಿ’ ಎನ್ನುತ್ತೇವೆಯೇ ಹೊರತು ಕಾಫಿಯ ಮಾತನ್ನು ಎತ್ತುವುದಿಲ್ಲ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದೇ ಆಗಿದ್ದರೂ ಅದು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ನಮ್ಮ ಭಾಗಕ್ಕೆ ಅದು ಬಹುಕಾಲ ಉಡುಪಿ ಹೋಟೆಲುಗಳ ಮೂಲಕ ಪರಿಚಯವಾಗಿ, ಅಡುಗೆಮನೆಯೊಳಗೆ ಇನ್‌ಸ್ಟಂಟ್ ಪುಡಿಯ ಬಾಟಲಿಯಾಗಿ ಮಾತ್ರ ಕಾಲಿಟ್ಟಿತು. ಹಾಸನದ ಕಡೆಯಿಂದ ಸೊಸೆ ಬರುವವರೆಗೆ ನಮ್ಮ ಮನೆಯಲ್ಲಿಯೂ ಇದೇ ಸ್ಥಿತಿಯಿತ್ತು. ಆಕೆ ತಂದದ್ದು ತವರಿನ ಸ್ಟೀಲ್ ಫಿಲ್ಟರು, ತವರಿನದೇ ಪುಡಿ, ತವರಿನದೇ ಅಳತೆ. ಆದರೂ ಮೊದಲ ದಿನ ಇಳಿದ ಡಿಕಾಕ್ಷನ್ನಿಗೆ ತವರಿನ ರುಚಿ ಬರಲಿಲ್ಲ. ದೋಷ ಫಿಲ್ಟರಿನಲ್ಲಿರಲಿಲ್ಲ, ನಮ್ಮ ಬೋರಿನ ನೀರಿನಲ್ಲಿತ್ತು.

ಅಂದಿನಿಂದ ಈಚೆಗೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಆರೇಳು ಬಗೆಯ ಕಾಫಿ ಸಾಧನಗಳು ಬಂದು ಹೋಗಿವೆ. ಕೆಲವು ಉಳಿದವು, ಕೆಲವು ಮಾಳಿಗೆಯ ಮೇಲಿನ ಡಬ್ಬಿ ಸೇರಿದವು, ಒಂದು ಒಡೆಯಿತು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಮೂರು ಪ್ರಶ್ನೆ: ನಿಮ್ಮ ಮನೆಗೆ ಯಾವ ನೀರು ಬರುತ್ತದೆ, ಯಾವ ಹಾಲು ಬರುತ್ತದೆ, ಮುಂಜಾನೆ ಒಂದೇ ಹೊತ್ತಿಗೆ ಎಷ್ಟು ಜನ ಕಾಫಿ ಕುಡಿಯುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಸಾಧನದ ಆಯ್ಕೆ ಬಹುಪಾಲು ತಾನಾಗಿಯೇ ಆಗಿಬಿಡುತ್ತದೆ. ಸಿಗದೆ ಇದ್ದರೆ ಎಷ್ಟು ದುಡ್ಡು ಹಾಕಿ ಕೊಂಡ ಯಂತ್ರವೂ ಸಪ್ಪೆ ಕಾಫಿಯನ್ನೇ ಕೊಡುತ್ತದೆ.

ಮೊದಲು ನೀರಿನ ವಿಚಾರ

ಲೋಟದಲ್ಲಿರುವ ಕರಿ ಕಾಫಿಯಲ್ಲಿ ಶೇ. 98ಕ್ಕಿಂತ ಹೆಚ್ಚು ಭಾಗ ನೀರೇ ಆಗಿರುತ್ತದೆ. ವಿಜಯಪುರ ಜಿಲ್ಲೆಯ ಬಹುಭಾಗ ಕಪ್ಪುಶಿಲೆಯ ದಖನ್ ಪದರಿನ ಮೇಲೆ ಕುಳಿತಿದೆ. ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟು ಕಾರ್ಖಾನೆಗಳಿಗೆ ಒದಗುವಷ್ಟು ಸುಣ್ಣದ ಕಲ್ಲು ಇದೆ. ಇಂತಹ ನೆಲದೊಳಗಿಂದ ಬರುವ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟುಗಳು ಹೇರಳವಾಗಿರುವುದು ಸಹಜ. ನಮ್ಮ ಹಿರಿಯರು ಇದಕ್ಕೆ ಸವಳು ನೀರು ಎಂದು ಹೆಸರಿಟ್ಟು, ತೊಗರಿಬೇಳೆ ಬೇಯದಿದ್ದರೆ, ಸಾಬೂನು ನೊರೆ ಬಾರದಿದ್ದರೆ ಅದನ್ನು ಗುರುತಿಸುತ್ತಿದ್ದರು. ಆ ಪರೀಕ್ಷೆ ಕಾಫಿಗೂ ಸಾಕು. ಬೇಳೆ ಬೇಯಿಸಲಾರದ ನೀರು ಒಳ್ಳೆಯ ಡಿಕಾಕ್ಷನ್ ಕೊಡುವುದಿಲ್ಲ.

ಇದರ ಕಾರಣ ಸರಳವಾಗಿದೆ. ಕಾಫಿಯ ಹುರುಪು ಅದರೊಳಗಿನ ನವಿರಾದ ಹುಳಿಯಂಶದಿಂದ ಬರುತ್ತದೆ, ನೀರಿನ ಬೈಕಾರ್ಬೊನೇಟು ಆ ಹುಳಿಯನ್ನು ಕೊಂದುಹಾಕುತ್ತದೆ. ಉಳಿಯುವುದು ಕಹಿ ಮತ್ತು ಸುಣ್ಣದಂತಹ ಒಂದು ಮಂದ ರುಚಿ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಲ್ಲಿ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಕುಡಿಯಲು 600 ನಡೆಯಬಹುದು, ಕಾಫಿಗೆ ನಡೆಯದು. ಕಾಫಿಯ ರುಚಿ ನೋಡುವ ವೃತ್ತಿಯವರು 50ರಿಂದ 175ರ ಒಳಗಿನ ನೀರನ್ನು ಬಯಸುತ್ತಾರೆ.

ಬೆಳಗಾವಿ ನಗರದವರು ಈ ಮಟ್ಟಿಗೆ ಪುಣ್ಯವಂತರು. ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದಲೂ ಘಟಪ್ರಭೆಯ ಹಿಡಕಲ್ಲಿನಿಂದಲೂ ಅಲ್ಲಿಗೆ ಬರುವ ನಳದ ನೀರು ಮಳೆಯ ನೀರೇ ನಿಂತು ಬಂದದ್ದಾದ್ದರಿಂದ ಬೋರಿನ ನೀರಿಗಿಂತ ಮೆದುವಾಗಿರುತ್ತದೆ. ವಿಜಯಪುರಕ್ಕೆ ಕೊಲ್ಹಾರದ ಬಳಿಯಿಂದ ಬರುವ ಕೃಷ್ಣೆಯ ನೀರು ಕೂಡ ಬೋರಿಗಿಂತ ವಾಸಿ. ಆದರೆ ನಳಕ್ಕೆ ನೀರು ಬಾರದ ದಿನಗಳಲ್ಲಿ ಅದೇ ತೊಟ್ಟಿಗೆ ಬೋರಿನ ನೀರನ್ನು ಬಿಡುವ ರೂಢಿ ಅನೇಕ ಮನೆಗಳಲ್ಲಿರುವುದರಿಂದ, ಸೋಮವಾರದ ಕಾಫಿ ಒಂದು ರುಚಿ, ಗುರುವಾರದ ಕಾಫಿ ಇನ್ನೊಂದು ರುಚಿಯಾಗುತ್ತದೆ. ಪುಡಿ ಕೆಟ್ಟಿತೆಂದು ಅಂಗಡಿಯವನ ಮೇಲೆ ಸಿಟ್ಟಾಗುವ ಮುನ್ನ ತೊಟ್ಟಿಯ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು.

ಹಾಗೆಂದು ಆರ್‌ಒ ಯಂತ್ರದ ನೀರೇ ಉತ್ತರವೆಂದೂ ಭಾವಿಸಬಾರದು. ಆ ಯಂತ್ರವು ಲವಣಗಳನ್ನು ಬಹುತೇಕ ಪೂರ್ತಿಯಾಗಿ ತೆಗೆದುಬಿಟ್ಟಾಗ ಕಾಫಿ ತೆಳ್ಳಗೆ, ಚುರುಕು ಹುಳಿಯಾಗಿ ಇಳಿಯುತ್ತದೆ, ಏಕೆಂದರೆ ಪುಡಿಯೊಳಗಿನ ಸತ್ವವನ್ನು ಹೊರಗೆಳೆಯಲು ಸ್ವಲ್ಪ ಲವಣಾಂಶವೂ ಬೇಕು. ನಮ್ಮ ಮನೆಯಲ್ಲಿ ಮೂರು ಪಾಲು ಆರ್‌ಒ ನೀರಿಗೆ ಒಂದು ಪಾಲು ನಳದ ನೀರು ಬೆರೆಸುತ್ತೇವೆ. ಈ ಲೆಕ್ಕ ನಿಮ್ಮ ನೀರಿಗೆ ತಕ್ಕಂತೆ ಬದಲಾದೀತು. ಆರ್‌ಒ ಇಲ್ಲದವರು ಹಿಂದಿನ ರಾತ್ರಿಯೇ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು, ಮುಂಜಾನೆ ತಳದ ಬಿಳಿ ಪುಡಿ ಕದಡದಂತೆ ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಂಡರೆ ಗಡಸುತನದ ಒಂದು ಭಾಗವನ್ನು, ಅಂದರೆ ಕುದಿಸಿದಾಗ ಸುಣ್ಣವಾಗಿ ತಳಕ್ಕಿಳಿಯುವ ಭಾಗವನ್ನು, ಖರ್ಚಿಲ್ಲದೆ ಕಳೆದುಕೊಳ್ಳಬಹುದು.

ನೀರಿನ ಬಿಸಿಯ ಬಗ್ಗೆ ಒಂದು ಮಾತು. ಕುದಿಯುವ ನೀರು ಪುಡಿಯನ್ನು ಸುಡುತ್ತದೆ, ಆದ್ದರಿಂದ ಆರಿಸಿ ಹಾಕಬೇಕು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುವುದರಿಂದ, ವಿಜಯಪುರದಲ್ಲಿ ನೀರು ಕುದಿಯುವುದೇ ಸುಮಾರು 98 ಡಿಗ್ರಿಗೆ, ಇನ್ನೂ ಎತ್ತರದ ಬೆಳಗಾವಿಯಲ್ಲಿ ಅದಕ್ಕಿಂತ ತುಸು ಕಡಿಮೆಗೆ. ಕಾಫಿಗೆ ಬೇಕಾದದ್ದು 92ರಿಂದ 96 ಡಿಗ್ರಿ. ಒಲೆಯಿಂದ ಇಳಿಸಿ ಸ್ಟೀಲ್ ಪಾತ್ರೆಗೆ ಸುರಿಯುವಷ್ಟರಲ್ಲಿ ಆ ಬಿಸಿ ತಾನಾಗಿಯೇ ಬಂದಿರುತ್ತದೆ, ಕಾಯುತ್ತ ಕೂರುವ ಅಗತ್ಯವಿಲ್ಲ.

ಹಾಲು ಮತ್ತು ಪುಡಿ

ನಮ್ಮ ಕಡೆ ಗೌಳಿಗರು ತರುವುದು ಹೆಚ್ಚಾಗಿ ಎಮ್ಮೆಯ ಹಾಲು. ಆಕಳ ಹಾಲಿನಲ್ಲಿ ಕೊಬ್ಬು ಶೇ. 4ರ ಆಸುಪಾಸಿನಲ್ಲಿದ್ದರೆ ಎಮ್ಮೆಯ ಹಾಲಿನಲ್ಲಿ ಶೇ. 6ರಿಂದ 8ರವರೆಗೆ ಇರುತ್ತದೆ; ನಂದಿನಿಯ ನೀಲಿ ಪಾಕೀಟಿನಲ್ಲಿ ಇರುವುದು ಶೇ. 3 ಮಾತ್ರ. ಕೆನೆ ಕಟ್ಟುವ ಈ ಗಟ್ಟಿ ಹಾಲು ಚಹಾಕ್ಕೆ ಬಲು ಸೊಗಸು, ಆದರೆ ತೆಳು ಕಾಫಿಯನ್ನು ಅದು ಸಂಪೂರ್ಣ ನುಂಗಿಹಾಕುತ್ತದೆ. ಹಾಲಿನ ಕೊಬ್ಬು ನಾಲಿಗೆಯ ಮೇಲೆ ಪದರು ಕಟ್ಟಿದ ಮೇಲೆ ಕಾಫಿಯ ನಯವಾದ ಪರಿಮಳಗಳು ತಲುಪುವುದೇ ಇಲ್ಲ. ಆದ್ದರಿಂದ ಎಮ್ಮೆಯ ಹಾಲಿನ ಮನೆಗೆ ಗಟ್ಟಿ ಡಿಕಾಕ್ಷನ್ ಕೊಡುವ ಸಾಧನವೇ ಬೇಕು; ಅಂತಹವು ಮೂರೇ ಇವೆ: ಸ್ಟೀಲ್ ಫಿಲ್ಟರು, ಒಲೆಯ ಮೇಲಿಡುವ ಮೋಕಾ ಪಾಟ್, ಪಂಪಿನ ಒತ್ತಡದಿಂದ ಬಿಸಿನೀರನ್ನು ಪುಡಿಯ ಮೂಲಕ ನೂಕುವ ಎಸ್ಪ್ರೆಸೊ ಯಂತ್ರ. ಉಳಿದವು ಹಾಲಿಲ್ಲದ ಕಾಫಿಗೆ ಹುಟ್ಟಿದವು.

ಪುಡಿಯಲ್ಲಿಯೂ ಇದೇ ತರ್ಕ ಅನ್ವಯಿಸುತ್ತದೆ. ಅರೇಬಿಕಾ ಪರಿಮಳಕ್ಕೆ, ರೊಬಸ್ಟಾ ಕಸುವಿಗೆ. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಸುಮಾರು ಎರಡರಷ್ಟು ಇರುತ್ತದೆ. ಚಿಕೋರಿ ಕಾಫಿಯೇ ಅಲ್ಲ, ಹುರಿದು ಪುಡಿಮಾಡಿದ ಒಂದು ಬೇರು. ಅದರಲ್ಲಿ ಕೆಫೀನಿಲ್ಲ, ಬಣ್ಣ, ಮಂದತ್ವ, ಸಿಹಿಗಹಿ ಇವೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಬಾರದೆಂದೂ, ಪ್ರಮಾಣವನ್ನು ಪಾಕೀಟಿನ ಮೇಲೆ ಮುದ್ರಿಸಬೇಕೆಂದೂ ನಿಯಮವಿದೆ. ಅಂದರೆ ಅರ್ಧದ ಹತ್ತಿರ ಬೇರಿನ ಪುಡಿಯನ್ನೇ ತುಂಬಿದ ಪಾಕೀಟನ್ನೂ ನ್ಯಾಯವಾಗಿಯೇ ಮಾರಬಹುದು. ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿಯೇ ಕೊಳ್ಳಬೇಕು. ಎಮ್ಮೆಯ ಹಾಲಿಗೆ ಶೇ. 80 ಕಾಫಿ, ಶೇ. 20 ಚಿಕೋರಿ, ಅದರಲ್ಲಿ ಕಾಫಿಯ ಅರ್ಧ ರೊಬಸ್ಟಾ ಎಂಬುದು ನಮಗೆ ಒಗ್ಗಿದ ಲೆಕ್ಕ. ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ಪಾಕೀಟಿನ ಮೇಲೆ ಬರೆದು ಹಾಕಿದ್ದು ಕಲಬೆರಕೆಯಲ್ಲ, ಮತ್ತು ಗಟ್ಟಿ ಹಾಲಿನ ಎದುರು ನಿಲ್ಲಲು ಕಾಫಿಗೆ ಅದರ ಆಸರೆ ಬೇಕಾಗುತ್ತದೆ. ಹಾಲಿಲ್ಲದೆ ಕುಡಿಯುವವರಿಗೆ ಮಾತ್ರ ಚಿಕೋರಿ ಬೇಡವೇ ಬೇಡ.

ಬೆಂಗಳೂರು, ಮೈಸೂರಿನಲ್ಲಿ ಬೀದಿಗೊಂದು ಹುರಿದು ಪುಡಿಮಾಡಿಕೊಡುವ ಅಂಗಡಿಯಿರುವಂತೆ ನಮ್ಮಲ್ಲಿಲ್ಲ. ಪುಡಿ ಟಪಾಲಿನಲ್ಲಿ ಬರಬೇಕು, ಅಥವಾ ಗೋಲಗುಂಬಜ ಎಕ್ಸ್‌ಪ್ರೆಸ್‌ನಲ್ಲಿ ಬರುವ ನೆಂಟರ ಚೀಲದಲ್ಲಿ ಬರಬೇಕು. ಹೀಗೆ ಬರುವಾಗ ಒಮ್ಮೆಗೇ ಎರಡು ಕಿಲೋ ತರಿಸುವ ಆಸೆಯಾಗುತ್ತದೆ. ಪುಡಿಮಾಡಿದ ಕಾಫಿಯ ಪರಿಮಳ ಎರಡು ಮೂರು ವಾರಗಳಲ್ಲಿ ಬಹುಪಾಲು ಹಾರಿಹೋಗುವುದರಿಂದ ಆ ಆಸೆಯನ್ನು ಹತ್ತಿಕ್ಕುವುದೇ ಲೇಸು.

ಸ್ಟೀಲ್ ಫಿಲ್ಟರು

ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳು, ಪುಡಿಯ ಮೇಲೆ ಇಡಲು ದಂಟಿರುವ ಒಂದು ಬಿಲ್ಲೆ, ಒಂದು ಮುಚ್ಚಳ: ಇಷ್ಟೇ ಇದರ ಯಂತ್ರೋಪಕರಣ. ಕರೆಂಟು ಬೇಡ, ಕಾಗದ ಬೇಡ, ಕೆಡುವ ರಬ್ಬರಿಲ್ಲ. ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಹಾಸಿಗೆಯ ಮೂಲಕ ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಇಳಿಯುತ್ತ, ಪುಡಿಯ ಸತ್ವವನ್ನು ಗಟ್ಟಿಯಾಗಿ ಹೊತ್ತು ತರುತ್ತದೆ. ಬೆಲೆಯಲ್ಲಿ ಇದು ಎಲ್ಲಕ್ಕಿಂತ ಅಗ್ಗ, ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದು. ಗಡಸು ನೀರು ಇದಕ್ಕೆ ರುಚಿಯಲ್ಲಿ ಹಾನಿ ಮಾಡಿದರೂ ಒಳಗೆ ಕೆಡಿಸಲು ಇಲ್ಲಿ ಕವಾಟವೂ ಇಲ್ಲ, ನಳಿಕೆಯೂ ಇಲ್ಲ. ರಂಧ್ರಗಳಲ್ಲಿ ಸುಣ್ಣ ಕಟ್ಟಿದರೆ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಹಾಕಿ ಉಜ್ಜಿದರಾಯಿತು, ಇಂಡಿಯ ನಿಂಬೆ ಬೆಳೆಯುವ ಜಿಲ್ಲೆಯಲ್ಲಿ ಅದಕ್ಕೇನು ಬರ.

ಆದರೂ ಫಿಲ್ಟರು ತಂದು ಒಂದೇ ವಾರದಲ್ಲಿ ಬೇಸತ್ತು ಮೂಲೆಗೆ ಎಸೆದವರನ್ನು ನಾನು ಬಲ್ಲೆ, ಮತ್ತು ಪ್ರತಿ ಸಲವೂ ಕಾರಣ ಇವುಗಳಲ್ಲೊಂದಾಗಿರುತ್ತದೆ. ಮೊದಲನೆಯದು ಅಳತೆಯ ತಪ್ಪು. ನೆಂಟರು ಬಂದಾಗ ಬೇಕಾದೀತೆಂದು ಹತ್ತು ಕಪ್ಪಿನ ಫಿಲ್ಟರು ಕೊಂಡು, ದಿನವೂ ಇಬ್ಬರಿಗಾಗುವಷ್ಟು ಪುಡಿಯನ್ನು ಅದರ ತಳದಲ್ಲಿ ತೆಳ್ಳಗೆ ಹರಡಿದರೆ ನೀರು ಎರಡೇ ನಿಮಿಷದಲ್ಲಿ ಸೋರಿಹೋಗಿ ಕೆಂಪು ನೀರು ಸಿಗುತ್ತದೆ. ಪುಡಿ ಮೇಲಿನ ಪಾತ್ರೆಯ ಮೂರನೆಯ ಒಂದು ಭಾಗವನ್ನಾದರೂ ತುಂಬಬೇಕು. ಅದಕ್ಕಾಗಿ ಸಣ್ಣದೊಂದು, ದೊಡ್ಡದೊಂದು ಎಂದು ಎರಡು ಫಿಲ್ಟರು ಇಟ್ಟುಕೊಂಡರೂ ಖರ್ಚು ಹೆಚ್ಚಲ್ಲ. ಇಬ್ಬರಿಗೆ 20 ಗ್ರಾಂ ಪುಡಿಗೆ ನೂರರಿಂದ ನೂರಿಪ್ಪತ್ತು ಮಿಲಿಲೀಟರ್ ನೀರು ಎಂಬುದು ಆರಂಭಕ್ಕೆ ಸರಿಯಾದ ಲೆಕ್ಕ. ಪುಡಿ ಒಂದಿಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಇಳಿಯುವುದು ಅದಕ್ಕಿಂತ ಕಡಿಮೆಯೇ.

ಎರಡನೆಯ ತೊಂದರೆ ಇದಕ್ಕೆ ತದ್ವಿರುದ್ಧ: ಡಿಕಾಕ್ಷನ್ ಇಳಿಯುವುದೇ ಇಲ್ಲ. ಪುಡಿ ಹಿಟ್ಟಿನಷ್ಟು ನುಣ್ಣಗಿದ್ದರೆ, ಚಿಕೋರಿ ಹೆಚ್ಚಾಗಿ ನೀರು ಕುಡಿದು ಊದಿಕೊಂಡಿದ್ದರೆ, ಬಿಲ್ಲೆಯನ್ನು ಬಲವಾಗಿ ಒತ್ತಿದ್ದರೆ ಹೀಗಾಗುತ್ತದೆ. ಒಮ್ಮೆ ಪುಡಿ ತೀರಿದಾಗ ಕಾಳನ್ನು ಇಲ್ಲಿಯದೇ ಒಂದು ಗಿರಣಿಯಲ್ಲಿ ಬೀಸಿಸಿದೆ. ಹಿಂದಿನವರ ಮೆಣಸಿನಕಾಯಿಯ ಖಾರವೂ ಸೇರಿ ಬಂದ ಆ ಪುಡಿ ಫಿಲ್ಟರನ್ನು ಗಾರೆ ಮೆತ್ತಿದಂತೆ ಮುಚ್ಚಿಬಿಟ್ಟಿತು. ಪುಡಿ ಸಣ್ಣ ರವೆಗಿಂತ ತುಸು ನುಣ್ಣಗಿರಬೇಕು, ಬಿಲ್ಲೆಯನ್ನು ಬೆರಳ ತುದಿಯಿಂದ ಸಮ ಮಾಡುವಷ್ಟೇ ಒತ್ತಬೇಕು. ಪುಡಿ ಸರಿಯಿದ್ದೂ ಇಳಿಯದಿದ್ದರೆ ಎರಡು ಪಾತ್ರೆಗಳು ಬಿಗಿಯಾಗಿ ಕೂತು ಕೆಳಗಿನ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲಿನದನ್ನು ಒಂದು ಕ್ಷಣ ಎತ್ತಿ ಇಟ್ಟರೆ ಹನಿ ಬೀಳಲು ತೊಡಗುತ್ತದೆ.

ಮೂರನೆಯದು ಹೊತ್ತಿನ ವಿಚಾರ. ಚಹಾದಂತೆ ಐದು ನಿಮಿಷದಲ್ಲಿ ಕೈಗೆ ಬರಬೇಕೆನ್ನುವವರಿಗೆ ಫಿಲ್ಟರು ಒಗ್ಗುವುದಿಲ್ಲ ಎನ್ನುತ್ತಾರೆ. ನಿಜವಾದ ಕೆಲಸ ಎರಡು ನಿಮಿಷದ್ದು. ಉಳಿದದ್ದು ಫಿಲ್ಟರು ತಾನೇ ಮಾಡುವ ಕೆಲಸ, ಅಷ್ಟರಲ್ಲಿ ಅಂಗಳ ಗುಡಿಸಬಹುದು. ರಾತ್ರಿಯೇ ಇಳಿಸಿಟ್ಟು ಫ್ರಿಜ್ಜಿನಲ್ಲಿಟ್ಟ ಡಿಕಾಕ್ಷನ್ ಮುಂಜಾನೆಗೆ ನಡೆಯುತ್ತದೆ, ಆದರೆ ಅದನ್ನು ಒಲೆಯ ಮೇಲಿಟ್ಟು ಕುದಿಸಬಾರದು. ಅದರ ಮೇಲೆ ಆಗತಾನೆ ಉಕ್ಕಿ ಬಂದ ಹಾಲನ್ನು ಸುರಿಯಬೇಕು. ಮೂರು ಸಲ ಕಾಯಿಸಿದ ಹಾಲಿನಲ್ಲಿ ಎಂತಹ ಡಿಕಾಕ್ಷನ್ನೂ ಕೆಡುತ್ತದೆ.

ಹಿತ್ತಾಳೆಯ ಫಿಲ್ಟರು ನೋಡಲು ಚೆಂದ, ಬಿಸಿಯನ್ನೂ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಒಳಗೆ ಕಲಾಯಿ ಇರಬೇಕು, ಅದು ಸವೆದಾಗ ಮತ್ತೆ ಹಾಕಿಸಬೇಕು, ಮತ್ತು ಕಲಾಯಿ ಹಾಕುವವರು ಓಣಿಗೆ ಬರುವುದು ಈಗ ಅಪರೂಪ. ಕಲಾಯಿಯವನನ್ನು ಬಲ್ಲವರು ಹಿತ್ತಾಳೆ ಕೊಳ್ಳಲಿ, ಉಳಿದವರಿಗೆ ಸ್ಟೀಲು.

ಚಹಾದ ಪಾತ್ರೆ ಮತ್ತು ಬಟ್ಟೆ

ಇದನ್ನು ಸಾಧನಗಳ ಸಾಲಿನಲ್ಲಿ ಯಾರೂ ಎಣಿಸುವುದಿಲ್ಲ, ಆದರೆ ಏನನ್ನೂ ಕೊಳ್ಳದೆ ಕಾಫಿ ನಮ್ಮ ಮನೆಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಮ್ಮವರು ಕಾಫಿಯನ್ನು ಚಹಾದಂತೆಯೇ ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕೊತಕೊತ ಕುದಿಸುತ್ತಾರೆ; ಹಾಗೆ ಕುದಿಸಿದರೆ ಕಹಿ ಹೊರಬಂದು ಪರಿಮಳ ಹಬೆಯಾಗಿ ಹೋಗುತ್ತದೆ. ಬದಲಾಗಿ ನೀರನ್ನು ಕುದಿಸಿ, ಒಲೆ ಆರಿಸಿ, ಆಮೇಲೆ ಪುಡಿ ಹಾಕಿ, ಒಮ್ಮೆ ತಿರುವಿ, ಐದು ನಿಮಿಷ ಮುಚ್ಚಿಟ್ಟು, ತೊಳೆದ ಹತ್ತಿಬಟ್ಟೆಯಲ್ಲಿ ಸೋಸಿದರೆ ಬರುವ ಡಿಕಾಕ್ಷನ್ ಅಚ್ಚರಿ ಪಡುವಷ್ಟು ಚೆನ್ನಾಗಿರುತ್ತದೆ. ಚಹಾದ ಸೋಸುಗ ಇದಕ್ಕೆ ಬರುವುದಿಲ್ಲ. ನುಣ್ಣನೆ ಪುಡಿ ಅದರಲ್ಲಿ ನಿಲ್ಲದು, ಸಾಲದ್ದಕ್ಕೆ ಅದಕ್ಕೆ ಅಂಟಿದ ಶುಂಠಿ, ಏಲಕ್ಕಿಯ ವಾಸನೆ ಕಾಫಿಗೂ ಬರುತ್ತದೆ. ಬಟ್ಟೆಯನ್ನು ಸಾಬೂನು ಮುಟ್ಟಿಸದೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಹಾಕಬೇಕು. ನಮ್ಮಲ್ಲಿ ಬಿಸಿಲಿಗಂತೂ ಕೊರತೆಯಿಲ್ಲ.

ಮೋಕಾ ಪಾಟ್

ಇಟಲಿಯಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿಯ ಕಾರ್ಖಾನೆಯಿಂದ 1933ರಲ್ಲಿ ಹೊರಬಂದ ಈ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕೆಳಗೆ ನೀರು, ನಡುವೆ ಪುಡಿ, ಮೇಲೆ ಖಾಲಿ ಗಿಂಡಿ. ಒಲೆಯ ಬಿಸಿಗೆ ಕೆಳಗೆ ಹಬೆಯ ಒತ್ತಡ ಹುಟ್ಟಿ ನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಐದಾರು ನಿಮಿಷದಲ್ಲಿ ಸ್ಟೀಲ್ ಫಿಲ್ಟರಿನ ಡಿಕಾಕ್ಷನ್ನಿಗೆ ಸರಿಗಟ್ಟುವ, ತುಸು ಹೆಚ್ಚು ಒರಟಾದ ಕಾಫಿ ಸಿಗುತ್ತದೆ. ಎಮ್ಮೆಯ ಹಾಲನ್ನು ಇದು ಚೆನ್ನಾಗಿ ಎದುರಿಸುತ್ತದೆ. ಅವಸರದ ಮನೆಗೆ, ಮುಂಜಾನೆ ಆರರ ಬಸ್ಸು ಹಿಡಿಯುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಕೊಳ್ಳುವ ಮುನ್ನ ನಿಮ್ಮ ಒಲೆಯನ್ನು ನೋಡಿಕೊಳ್ಳಿ. ಮೂರು ಕಪ್ಪಿನ ಮೋಕಾ ನಮ್ಮ ಗ್ಯಾಸ್ ಒಲೆಯ ಅಗಲವಾದ ಕಾಲುಗಳ ನಡುವೆ ಜಾರಿ ಬೀಳುತ್ತದೆ. ಮೇಲೆ ಇಡಲು ಚಿಕ್ಕ ಜಾಲರಿ ಬೇಕು. ಇಂಡಕ್ಷನ್ ಒಲೆಯಲ್ಲಿ ಅಲ್ಯೂಮಿನಿಯಂ ಕಾಯುವುದೇ ಇಲ್ಲ, ಅದಕ್ಕೆ ಒಗ್ಗುವ ಸ್ಟೀಲಿನದನ್ನೇ ಕೇಳಿ ತರಬೇಕು. ಪುಡಿಯನ್ನು ಒತ್ತಬಾರದು, ಸಣ್ಣ ಉರಿಯಲ್ಲಿಡಬೇಕು, ಗೊರಗೊರ ಸದ್ದು ಬಂದ ಕೂಡಲೇ ಇಳಿಸಬೇಕು. ಆಮೇಲೆ ಬರುವುದು ಬರೀ ಕಹಿ. ಚಿಕೋರಿ ಹೆಚ್ಚಿರುವ ಪುಡಿ ಇದರ ಜಾಲರಿಯನ್ನು ಕಟ್ಟಿಹಾಕುವುದರಿಂದ ಇದಕ್ಕೆ ಅಪ್ಪಟ ಕಾಫಿಯ ಪುಡಿಯೇ ಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಕೆಳಪಾತ್ರೆಯ ಬದಿಯಲ್ಲಿರುವ ಸಣ್ಣ ಸುರಕ್ಷಾ ಕವಾಟ ಕುಕ್ಕರಿನ ಸೀಟಿಯಷ್ಟೇ ಮುಖ್ಯ, ನೀರು ಅದರ ಮಟ್ಟಕ್ಕಿಂತ ಕೆಳಗಿರಬೇಕು, ಮತ್ತು ಸವಳು ನೀರು ಅದರೊಳಗೆ ಸುಣ್ಣ ಕಟ್ಟುತ್ತದೆ. ನಮ್ಮ ಮೊದಲ ಮೋಕಾ ಎರಡೇ ವರ್ಷಕ್ಕೆ ಈ ಕಾರಣದಿಂದ ಅಟ್ಟ ಸೇರಿತು. ಬೋರಿನ ನೀರನ್ನೇ ನೆಚ್ಚಿಕೊಂಡ ಮನೆಯವರು ಮೋಕಾಕ್ಕೆ ಮಾತ್ರ ಬೇರೆ ನೀರು ಇಟ್ಟುಕೊಳ್ಳಬೇಕು, ಇಲ್ಲವೇ ಅದರ ಆಸೆ ಬಿಡಬೇಕು. ಸುಣ್ಣ ಬಿಡಿಸಲು ನಿಂಬೆರಸ ಹಾಕಿ ರಾತ್ರಿಯಿಡೀ ಬಿಡುವುದೂ ಸಲ್ಲದು, ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಹಾಲಿಲ್ಲದೆ ಕುಡಿಯುವವರಿಗೆ

ಸಕ್ಕರೆ ಕಾಯಿಲೆಯ ಕಾರಣಕ್ಕೋ ಪರಿಮಳದ ಮೋಹಕ್ಕೋ ಕರಿ ಕಾಫಿಗೆ ಹೊರಳಿದವರಿಗೆ ಎರಡು ಒಳ್ಳೆಯ ದಾರಿಗಳಿವೆ, ಅವುಗಳ ನಡುವಿನ ಅಂತರ ಕಾಗದದ್ದು. ಫ್ರೆಂಚ್ ಪ್ರೆಸ್ಸಿನಲ್ಲಿ ದಪ್ಪನೆಯ ಪುಡಿಯನ್ನು ಬಿಸಿನೀರಿನಲ್ಲಿ ನಾಲ್ಕು ನಿಮಿಷ ನೆನೆಸಿ ಲೋಹದ ಜಾಲರಿಯನ್ನು ಕೆಳಕ್ಕೆ ಒತ್ತುತ್ತಾರೆ. ಕಾಫಿಯ ಎಣ್ಣೆಯೂ ಸಣ್ಣ ಕಣಗಳೂ ಲೋಟಕ್ಕೆ ಬಂದು ಕಾಫಿ ಮೈತುಂಬಿ ಇರುತ್ತದೆ. ಕಾಗದದ ಸೋಸುಗವನ್ನು ಆಲಿಕೆಯಾಕಾರದ ಬಟ್ಟಲಲ್ಲಿಟ್ಟು ಮೇಲಿನಿಂದ ನಿಧಾನವಾಗಿ ನೀರು ಸುರಿಯುವ ಪೋರ್‌ಓವರ್ ಪದ್ಧತಿಯಲ್ಲಿ ಎಣ್ಣೆ ಕಾಗದದಲ್ಲೇ ಉಳಿದು ತಿಳಿಯಾದ ಕಾಫಿ ಬರುತ್ತದೆ. ಜರ್ಮನಿಯ ಗೃಹಿಣಿ ಮೆಲಿಟ್ಟಾ ಬೆಂಟ್ಸ್ 1908ರಲ್ಲಿ ಮಗನ ಶಾಲೆಯ ಒತ್ತುಕಾಗದವನ್ನು ಹರಿದು ಇದನ್ನು ಆರಂಭಿಸಿದಳು.

ಆ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವವರು, ಅದರಲ್ಲಿಯೂ ವೈದ್ಯರಿಂದ ಕೊಲೆಸ್ಟರಾಲಿನ ಮಾತು ಕೇಳಿಬಂದವರು, ಕಾಗದವನ್ನೇ ಆರಿಸಿಕೊಳ್ಳಲಿ. ಇನ್ನೊಂದು ಕಾರಣಕ್ಕೂ ನಾನು ಈ ಭಾಗದಲ್ಲಿ ಫ್ರೆಂಚ್ ಪ್ರೆಸ್ಸಿಗೆ ಮನಸೋಲುವುದಿಲ್ಲ. ಅದಕ್ಕೆ ಬೇಕಾದ ದಪ್ಪ ರವೆಯಂತಹ ಪುಡಿ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಫಿಲ್ಟರಿನ ಪುಡಿಯನ್ನೇ ಅದಕ್ಕೆ ಹಾಕಿದರೆ ಲೋಟದ ತಳದಲ್ಲಿ ಎರಿಮಣ್ಣಿನ ಹೊಲದಂತಹ ರಾಡಿ ಉಳಿಯುತ್ತದೆ. ಆದ್ದರಿಂದ ಪ್ರೆಸ್ಸಿನ ಜೊತೆಗೆ ಕೈಯಿಂದ ತಿರುಗಿಸುವ ಗ್ರೈಂಡರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಿಕ್ಸರಿನಲ್ಲಿ ಬೀಸಿದರೆ ಅರ್ಧ ಹಿಟ್ಟು, ಅರ್ಧ ನುಚ್ಚು. ಗಾಜಿನದು ಒಡೆಯುತ್ತದೆ ಎಂಬುದನ್ನು ಆರಂಭದಲ್ಲಿಯೇ ಸೂಚಿಸಿದ್ದೇನೆ, ಒಡೆದದ್ದು ಇದೇ.

ಪೋರ್‌ಓವರಿಗೆ 15 ಗ್ರಾಂ ಪುಡಿ, 250 ಮಿಲಿಲೀಟರ್ ನೀರು, ಮೂರು ನಿಮಿಷ. ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ ಅರ್ಧ ನಿಮಿಷ ಬಿಡಬೇಕು. ಹೊಸದಾಗಿ ಹುರಿದ ಕಾಫಿಯಾದರೆ ಅದರೊಳಗಿನ ಇಂಗಾಲದ ಡೈಆಕ್ಸೈಡು ಹೊರಬಂದು ಪುಡಿ ಉಬ್ಬುತ್ತದೆ, ಹಳತಾದರೆ ಸುಮ್ಮನೆ ಕುಳಿತಿರುತ್ತದೆ. ಟಪಾಲಿನಲ್ಲಿ ಬಂದ ಪುಡಿಯ ವಯಸ್ಸನ್ನು ತಿಳಿಯಲು ಇದಕ್ಕಿಂತ ಪ್ರಾಮಾಣಿಕ ಸಾಕ್ಷಿಯಿಲ್ಲ. ನೀರಿನ ದೋಷ ಎಲ್ಲಕ್ಕಿಂತ ಹೆಚ್ಚಾಗಿ ಎದ್ದು ಕಾಣುವುದೂ ಈ ಪದ್ಧತಿಯಲ್ಲೇ, ಏಕೆಂದರೆ ಮರೆಮಾಚಲು ಹಾಲಿಲ್ಲ, ಚಿಕೋರಿಯಿಲ್ಲ. ಬೆಳಗಾವಿಯ ನಳದ ನೀರಿಗೆ ಇದು ಹೇಳಿ ಮಾಡಿಸಿದಂತಿದೆ. ಬೋರಿನ ನೀರಿನ ಮನೆಯಲ್ಲಿ ಇದಕ್ಕೆ ಕೈ ಹಾಕಬಾರದು. ಕಾಗದದ ಕಟ್ಟನ್ನು ಟಪಾಲಿನಲ್ಲಿಯೇ ತರಿಸಬೇಕಾಗುತ್ತದೆ, ತೀರುವ ಮುನ್ನ ಎಚ್ಚರವಿರಲಿ. ಪ್ರವಾಸದಲ್ಲಿ ಒಬ್ಬರೇ ಕುಡಿಯುವವರಿಗೆ ಏರೋಪ್ರೆಸ್ ಎಂಬ ಪ್ಲಾಸ್ಟಿಕ್ ಕೊಳವೆ ಅನುಕೂಲ. ಕುಟುಂಬಕ್ಕೆ ಅದು ಆಟದ ಸಾಮಾನು.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ತಣ್ಣೀರಿನಲ್ಲಿ ನೆನೆಸುವ ಕಾಫಿ ಹಿತವಾಗಿರುತ್ತದೆ. ಒಂದು ಪಾಲು ದಪ್ಪ ಪುಡಿಗೆ ಎಂಟು ಪಾಲು ನೀರು ಹಾಕಿ ಹನ್ನೆರಡು ತಾಸಿನ ಮೇಲೆ ಸೋಸಿದರಾಯಿತು, ಒಲೆಯೇ ಬೇಡ. ಹೊರದೇಶದವರು ಇದನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಡುತ್ತಾರೆ, ನಮ್ಮ ಬೇಸಿಗೆಯಲ್ಲಿ ಅದು ಹುಳಿಯಾದೀತು, ಫ್ರಿಜ್ಜಿನಲ್ಲಿಯೇ ನೆನೆಯಬೇಕು.

ಯಂತ್ರ ಮತ್ತು ಬಾಟಲಿ

ಎಸ್ಪ್ರೆಸೊ ಯಂತ್ರವನ್ನು ಕುರಿತು ಕೇಳುವವರು ಹೆಚ್ಚುತ್ತಿದ್ದಾರೆ, ಮತ್ತು ನನ್ನ ಉತ್ತರ ಬಹುತೇಕ ಬೇಡ ಎಂಬುದೇ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ 15 ಬಾರ್ ಎಂಬುದು ಪಂಪಿನ ಗರಿಷ್ಠ ಒತ್ತಡವೇ ಹೊರತು ರುಚಿಯ ಅಳತೆಯಲ್ಲ. ಎಸ್ಪ್ರೆಸೊಗೆ ಬೇಕಾದದ್ದು 9 ಬಾರ್. ಯಂತ್ರಕ್ಕಿಂತ ಹೆಚ್ಚಾಗಿ ಅದರ ಜೊತೆಗಿನ ಗ್ರೈಂಡರು ರುಚಿಯನ್ನು ನಿರ್ಧರಿಸುವುದರಿಂದ ಖರ್ಚು ದುಪ್ಪಟ್ಟಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಸಣ್ಣ ನಳಿಕೆಗಳಲ್ಲಿ ಸವಳು ನೀರು ಕಟ್ಟುವ ಸುಣ್ಣ ಯಂತ್ರವನ್ನು ಕೊಲ್ಲುತ್ತದೆ, ದುರಸ್ತಿಗೆ ಪುಣೆಗೋ ಬೆಂಗಳೂರಿಗೋ ಕಳಿಸಬೇಕಾಗುತ್ತದೆ. ನೀರಿನ ವ್ಯವಸ್ಥೆ ಸರಿಯಾಗಿರುವ, ದಿನಕ್ಕೆ ಆರೆಂಟು ಕಪ್ಪು ತೆಗೆಯುವ, ಅದನ್ನು ಕಲಿಯಲು ಹೊತ್ತುಳ್ಳವರು ಕೊಳ್ಳಬಹುದು.

ಇನ್‌ಸ್ಟಂಟ್ ಪುಡಿಯನ್ನು ಹೀಗಳೆಯುವುದು ಸುಲಭ. ಆದರೆ ವಾರಕ್ಕೆ ಎರಡು ಸಲ ಮಾತ್ರ ಕಾಫಿ ಕುಡಿಯುವ ಮನೆಯಲ್ಲಿ ಫಿಲ್ಟರಿನ ಪುಡಿ ಮುಗಿಯುವ ಮೊದಲೇ ಪರಿಮಳ ಕಳೆದುಕೊಂಡಿರುತ್ತದೆ, ಅಂತಹವರಿಗೆ ಸಣ್ಣ ಬಾಟಲಿಯೇ ಪ್ರಾಮಾಣಿಕ ಆಯ್ಕೆ. ಅದರಲ್ಲಿಯೂ ಚಿಕೋರಿ ಬೆರೆತದ್ದು, ಬೆರೆಯದ್ದು ಎಂದು ಎರಡು ಬಗೆ ಇವೆ. ಎಮ್ಮೆಯ ಹಾಲಿಗೆ ಬೆರೆತದ್ದೇ ಹೆಚ್ಚು ಹೊಂದುತ್ತದೆ.

ಯಾರಿಗೆ ಯಾವುದು

ಇಬ್ಬರಿಂದ ಹತ್ತು ಜನರವರೆಗೆ, ಎಮ್ಮೆಯ ಹಾಲು ಬೆರೆಸಿ ದಿನವೂ ಕುಡಿಯುವ ಮನೆಗೆ ಸ್ಟೀಲ್ ಫಿಲ್ಟರು, ನೀರು ಯಾವುದೇ ಇರಲಿ. ಸವಳಾಗಿದ್ದರೆ ಕುದಿಸಿ ತಿಳಿಗೊಳಿಸಿದ ನೀರು. ಅವಸರವೂ ಇದ್ದು ನೀರೂ ಮೆದುವಾಗಿದ್ದರೆ ಮೋಕಾ. ಬೆಳಗಾವಿಯ ಟಿಳಕವಾಡಿಯಲ್ಲಿಯೋ ಬಾಗಲಕೋಟೆಯ ನವನಗರದಲ್ಲಿಯೋ ಒಬ್ಬರೇ ಬಾಡಿಗೆ ಕೋಣೆಯಲ್ಲಿದ್ದು ಹಾಲನ್ನು ಇಡಲು ಫ್ರಿಜ್ಜೇ ಇಲ್ಲದವರಿಗೆ ಕಾಗದದ ಸೋಸುಗವೂ ಒಂದು ವಿದ್ಯುತ್ ಕೆಟಲೂ ಸಾಕು. ಮನೆಯಲ್ಲಿ ಏಳು ಜನ ಚಹಾದವರು, ಒಬ್ಬರೇ ಕಾಫಿಯವರು ಎಂಬ ಸಂದರ್ಭವೇ ನಮ್ಮಲ್ಲಿ ಹೆಚ್ಚು. ಅಂತಹ ಒಂಟಿ ಕಾಫಿಯವರು ಎರಡು ಕಪ್ಪಿನ ಅತಿ ಸಣ್ಣ ಫಿಲ್ಟರನ್ನೇ ಹುಡುಕಿ ತರಬೇಕು, ಪಾತ್ರೆ ಅಂಗಡಿಯವರು ದೊಡ್ಡದನ್ನೇ ಮುಂದೆ ಹಿಡಿದರೂ ಒಪ್ಪಬಾರದು.

ಸಕ್ಕರೆಯ ಬದಲು ಬೆಲ್ಲ ಹಾಕುವವರು ನಮ್ಮಲ್ಲಿ ಬಹಳ, ಮಹಾಲಿಂಗಪುರದ ಬೆಲ್ಲ ಹತ್ತಿರದಲ್ಲೇ ಸಿಗುವಾಗ ಅದು ಸಹಜವೂ ಹೌದು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯಬಹುದು. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ, ಒಲೆಯಿಂದ ಇಳಿಸಿದ ಹಾಲನ್ನು ಅದಕ್ಕೆ ನಿಧಾನವಾಗಿ ಬೆರೆಸಬೇಕು. ಪುಡಿಯನ್ನು ಒಮ್ಮೆಗೆ 250 ಗ್ರಾಮಿಗಿಂತ ಹೆಚ್ಚು ತರಿಸದೆ, ಬಂದ ದಿನವೇ ನಾಲ್ಕು ಸಣ್ಣ ಡಬ್ಬಿಗಳಿಗೆ ಹಂಚಿ, ಒಂದನ್ನು ಹೊರಗಿಟ್ಟು ಮೂರನ್ನು ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿಡಬೇಕು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟರೆ ಪಸೆಯನ್ನೂ ಪಕ್ಕದಲ್ಲಿರುವ ಉಳ್ಳಾಗಡ್ಡಿಯ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಹೊರತೆಗೆದ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಅದರ ಮುಚ್ಚಳ ತೆರೆಯಬಾರದು.